ನೆರಳಿನ ಪಂಚಾಯ್ತಿ

ನಮ್ಮ ಮನೆಯಲ್ಲಿ ಜಗಳ ನಡೆದದ್ದು ನೆರಳಿಗೆ. ಈಗ ಯಾರಿಗಾದರೂ ಹೇಳಿದರೆ ನಗುತ್ತಾರೆ, ನಾನೂ ನಗುತ್ತೇನೆ. ಆಗ ನಗು ಬರುತ್ತಿರಲಿಲ್ಲ. ಆ ಜಗಳದ ದೆಸೆಯಿಂದ ಒಡಹುಟ್ಟಿದ ಅಕ್ಕ ತಂಗಿ ಒಂದೇ ಗೋಡೆಯ ಆಚೆ ಈಚೆ ಇದ್ದುಕೊಂಡು ಮಾತು ಬಿಟ್ಟಿದ್ದರು. ಬಿಟ್ಟಿದ್ದರು ಅನ್ನುವುದು ತಪ್ಪು, ಅವರ ಗಂಡಂದಿರು ಬಿಡಿಸಿದ್ದರು.

ಅಕ್ಕ ನನ್ನ ಅತ್ತೆ, ತಂಗಿ ನನ್ನ ಚಿಕ್ಕತ್ತೆ. ಹೊನ್ನೂರಿನ ಅಣ್ಣತಮ್ಮಂದಿರಿಬ್ಬರು ಒಂದೇ ಮನೆಯ ಅಕ್ಕತಂಗಿಯರನ್ನು ಒಂದೇ ಚಪ್ಪರದಡಿ ಮದುವೆಯಾದವರು. ಅಣ್ಣ ನನ್ನ ಮಾವ, ತಮ್ಮ ಚಿಕ್ಕಮಾವ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಭಾಗವಾಗಿ ಮನೆಗೆ ನಡುಗೋಡೆ ಬಂದಿತ್ತು, ಗದ್ದೆಗೆ ಬದು ಬಂದಿತ್ತು. ಬದು ಪೂರ್ವ ಪಶ್ಚಿಮಕ್ಕೆ ನೆಟ್ಟಗೆ ಮಲಗಿದೆ. ಅದರ ದಕ್ಷಿಣದ ಗದ್ದೆ ನಮ್ಮದು, ಉತ್ತರದ್ದು ಚಿಕ್ಕಮಾವನದು. ಬದುವಿನ ನಮ್ಮ ಕಡೆಯ ಅಂಚಿಗೆ ಅವರಿಬ್ಬರ ಅಪ್ಪ ಹಾಕಿದ ತೆಂಗಿನ ಸಾಲು ಇದೆ.

ನನ್ನ ತವರು ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಕಡೆ. ಅಲ್ಲಿ ಹೊಲ ಕಾಡಿಗೆ ಒತ್ತಿಕೊಂಡಿರುತ್ತದೆ, ಬೇಸಾಯ ಮಳೆ ನಂಬಿದ್ದು. ಹಂದಿ ಬಗೆದುಹೋಯಿತು, ಆನೆ ತುಳಿದುಹೋಯಿತು ಎಂದು ಬೈದುಕೊಳ್ಳುತ್ತೇವೆ. ಆನೆಯನ್ನು ಪಂಚಾಯ್ತಿಗೆ ಕರೆಯುವುದಕ್ಕಾಗುವುದಿಲ್ಲವಲ್ಲ, ಬೈದು ಸುಮ್ಮನಾಗುತ್ತೇವೆ. ನೆರಳು ಕಂಡರೆ ಟವೆಲ್ ಹಾಸಿ ಕೂರುತ್ತೇವೆ. ನೆರಳಿನ ಮೇಲೂ ದೂರು ಕೊಡಬಹುದು ಎನ್ನುವುದು ನನಗೆ ಗೊತ್ತಾದದ್ದು ಹೊನ್ನೂರಿಗೆ ಬಂದ ಮೇಲೆ.

ಚಿಕ್ಕಮಾವನ ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ತೆಂಗಿನ ನೆರಳು ಕೂತ ಕಡೆ ಭತ್ತ ಜೊಳ್ಳಾಗುತ್ತದೆ. ಕುಯ್ಲಿನಲ್ಲಿ ಆ ಪಟ್ಟೆ ಒಂದು ತೆರನಾಗಿ ಬೆಳ್ಳಗೆ ಕಾಣುತ್ತದೆ. ಮರ ಕಡಿಸು ಅಂತ ಅವರು, ಅಪ್ಪ ಹಾಕಿದ ಮರ ಕಡಿಸುವುದಿಲ್ಲ ಅಂತ ಮಾವ. ಮಾತು ಬೆಳೆದು, ಒಂದು ಜೂನ್ ತಿಂಗಳಲ್ಲಿ, ಇನ್ನೂ ಒಟ್ಲು ಬಿಟ್ಟು ಸಸಿಮಡಿ ಮಾಡುವುದಕ್ಕೆ ಮೊದಲು, ಊರ ಯಜಮಾನರು ನಾಲ್ಕು ಜನರನ್ನು ಕರೆದುಕೊಂಡು ಗದ್ದೆಗೆ ಬಂದರು. ಜೂನಿನಲ್ಲಿ ಬಂದದ್ದು ಏಕೆಂದರೆ ಆಗ ಎಲ್ಲರಿಗೂ ಪುರಸೊತ್ತು.

"ಬೆಳಿಗ್ಗೆ ನೆರಳು, ಸಂಜೆ ನೆರಳು ಲೆಕ್ಕಕ್ಕಿಲ್ಲ. ಮಟಮಟ ಮದ್ಯಾನದ ನೆರಳೇ ನೆರಳು" ಎಂದು ಯಜಮಾನರು ಮೊದಲೇ ಕಟ್ಟು ಮಾಡಿದರು. ಎಲ್ಲರೂ ಒಪ್ಪಿದರು. ಮಧ್ಯಾಹ್ನ ಆಗುವವರೆಗೆ ಕಾದು, ತೆಂಗಿನ ತಲೆಯ ನೆರಳು ಎಲ್ಲಿಯವರೆಗೆ ಬಿದ್ದಿದೆಯೋ ಅದರ ಸುತ್ತ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ನೆರಳೆಲ್ಲ ನಮ್ಮ ಗದ್ದೆಯಲ್ಲೇ ಇತ್ತು. ಚಿಕ್ಕಮಾವನ ಕಡೆಗೆ ಬದು ದಾಟಿರಲಿಲ್ಲ.

"ಇವತ್ತು ಬಂದಿಲ್ಲ, ಭತ್ತ ತೆನೆ ಕಟ್ಟೋ ಒತ್ಗೆ ಬತ್ತದೆ" ಎಂದರು ಚಿಕ್ಕಮಾವ.

"ನೆರಳೇನು ನೆಂಟ್ರಾ ಕಣ್ಲಾ, ಕಾಲಕಾಲಕ್ಕೆ ಬಂದೋಗಕೆ?" ಎಂದರು ಯಜಮಾನರು.

ಗದ್ದೆಯಲ್ಲಿದ್ದವರೆಲ್ಲ ಗೊಳ್ ಎಂದು ನಕ್ಕರು. ಹೇಳಿದ್ದು ನಿಜವಾದರೂ ನಗೆಪಾಟಲಾದ ಮನುಷ್ಯನ ಮುಖ ಹೇಗಿರುತ್ತದೆ ಎನ್ನುವುದನ್ನು ನಾನು ನೋಡಿದ್ದು ಅವತ್ತು. ಅಣ್ಣನ ಕೈಗೆ ಎಲೆ ಅಡಿಕೆ ಕೊಟ್ಟು ತಪ್ಪಾಯಿತು ಎನ್ನಬೇಕು ಎಂದು ತೀರ್ಮಾನವಾಯಿತು. ಚಿಕ್ಕಮಾವ ಕೊಟ್ಟರು, ಅಂದರು, ಮನೆಗೆ ಹೋಗಿ ಹೆಂಡತಿಗೆ ಅಪ್ಪಣೆ ಮಾಡಿದರು: ಆ ಮನೆಯ ಬಳಕೆ ಇವತ್ತಿಗೆ ಮುಗಿಯಿತು. ಮಾವನೂ ಹಿಂದೆ ಬೀಳಲಿಲ್ಲ. ಬಳಕೆ ಅಂದರೆ ನಮ್ಮಲ್ಲಿ ಬರೀ ಮಾತಲ್ಲ. ಮೊಸರಿಗೆ ಹೆಪ್ಪು, ಒಗ್ಗರಣೆಗೆ ಕರಿಬೇವು, ಮೈ ಬಿಸಿಯಾದರೆ ಒಂದು ಮಾತ್ರೆ, ಎಲ್ಲವೂ ಬಳಕೆ.

ಅತ್ತೆ ಸ್ವಲ್ಪ ದಿನ ದಾರಿ ಕಂಡುಕೊಂಡಿದ್ದರು. ನಡುಗೋಡೆಯ ಪಕ್ಕ ನಮ್ಮ ಎಮ್ಮೆ ಕಟ್ಟುತ್ತಿದ್ದೆವು. ಅತ್ತೆ ಅದರ ಮೈ ತಿಕ್ಕುತ್ತಾ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು. "ಮಂಡಿ ಊದ್ಕಂಡದೆ ಕಣೆ ಎಮ್ಮೆ. ನಾಳೆ ಕೊಳ್ಳೇಗಾಲದ ಡಾಕ್ಟ್ರತಕ್ಕೆ ಓಯ್ತೀನಿ." ಗೋಡೆಯಾಚೆ ಚಿಕ್ಕತ್ತೆ ಕೋಳಿಗೆ ಬೈಯುತ್ತಿದ್ದರು: "ಥೂ ಕೋಳಿ, ಬಸ್ಸಲ್ಲಿ ನಿಂತ್ಕಂಡೋಗ್ಬ್ಯಾಡ, ಕಾಲು ಇನ್ನೂ ಊದ್ಕತದೆ." ನಾನು ಒಳಗೆ ರಾಗಿ ಮುದ್ದೆ ತಿರುವುತ್ತಾ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದೆ. ಒಂದು ದಿನ ಮಾವ ಜಗಲಿಯಲ್ಲಿ ಕೂತು ಇದನ್ನು ಪೂರ್ತಿ ಕೇಳಿಸಿಕೊಂಡರು. "ಎಮ್ಮೆ ಕೂಡೆ ಏನ್ ಮಾತು?" ಎಂದಷ್ಟೇ ಕೇಳಿ, ಎಮ್ಮೆಯನ್ನು ಗದ್ದೆ ಹತ್ತಿರದ ಕೊಟ್ಟಿಗೆಗೆ ಹೊಡೆದುಬಿಟ್ಟರು. ಆಮೇಲೆ ಅತ್ತೆ ಗೋಡೆಯ ಕಡೆ ಹೋಗುವುದನ್ನೇ ಬಿಟ್ಟರು. ಆ ದಿನ ನನಗೆ ಮಾವನ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಡಿಸೆಂಬರಿಗೆ ಚಿಕ್ಕಮಾವ ಯಜಮಾನರನ್ನು ಕೈ ಹಿಡಿದು ಎಳೆದುಕೊಂಡೇ ಬಂದರು. ಅದೇ ಮಟಮಟ ಮಧ್ಯಾಹ್ನ. ತೆಂಗಿನ ತಲೆಗಳೆಲ್ಲ ಬದು ಹಾರಿ ಚಿಕ್ಕಮಾವನ ಗದ್ದೆಯ ನಟ್ಟನಡುವೆ ಮಲಗಿದ್ದವು. ನಮ್ಮ ಕಡೆ ಒಂದು ಗರಿಯ ನೆರಳೂ ಇರಲಿಲ್ಲ. ಯಜಮಾನರು ಮರದ ಬುಡ ನೋಡಿದರು, ತಲೆ ನೋಡಿದರು, ಬದುವನ್ನು ಕಾಲಿನಿಂದ ಒತ್ತಿ ನೋಡಿದರು. ಸುಣ್ಣದ ಗೆರೆಯನ್ನು ಮಳೆ ಎಂದೋ ತೊಳೆದಿತ್ತು.

"ಪಂಚಾಯ್ತಿ ಗೆರೆ ದಾಟದೆ ಅಂದ್ರೆ ಇದ್ರಲ್ಲಿ ಏನೋ ಕೈವಾಡ ಅದೆ" ಎಂದರು. "ಬದು ಸರ್ಸವ್ರೆ."

ಈಗ ಸುಳ್ಳುಗಾರನಾಗುವ ಸರದಿ ಮಾವನದು. ಕುಯ್ಲು ಮುಗಿದ ಮೇಲೆ ಮರ ಕಡಿಸಬೇಕು ಎಂದು ಹೊಸ ತೀರ್ಮಾನವಾಯಿತು. ಮಾವ ಕೆಂಡವಾದರು. ತಾಲ್ಲೂಕು ಆಫೀಸಿಗೆ ಅಲೆದು ಸರ್ವೆಯವರನ್ನು ಕರೆಸಿದರು. ಅಳೆದು ನೋಡಿದರೆ ಬದು ಇದ್ದಲ್ಲೇ ಇತ್ತು, ಒಂದು ಗೇಣೂ ಸರಿದಿರಲಿಲ್ಲ. ಯಜಮಾನರು ಗಂಟಲು ಸರಿಮಾಡಿಕೊಂಡು "ನಿಮ್ಮ್ನಿಮ್ಮಲ್ಲೇ ನೋಡ್ಕಳಿ" ಎಂದು ಹೋದವರು ಮತ್ತೆ ಆ ಗದ್ದೆಯ ಕಡೆ ತಲೆ ಹಾಕಲಿಲ್ಲ. ಅಲ್ಲಿದ್ದ ಅಷ್ಟೂ ಜನ ಪ್ರತಿ ವರ್ಷ ಸಂಕ್ರಾಂತಿಯಲ್ಲಿ ಸೂರ್ಯ ಬಡಗಲಿಗೆ ತಿರುಗಿದ ಎಂದು ಎಳ್ಳು ಬೀರುವವರೇ. ಆ ಸೂರ್ಯನೂ ಈ ತೆಂಗಿನ ನೆರಳೂ ಒಂದೇ ಸಂಗತಿ ಎಂದು ಯಾರ ತಲೆಗೂ ಹೊಳೆಯಲಿಲ್ಲ. ಒಂದು ಹಬ್ಬಕ್ಕೆ ಸೇರಿದ್ದು, ಇನ್ನೊಂದು ಪಂಚಾಯ್ತಿಗೆ ಸೇರಿದ್ದು.

ನನಗೂ ಹೊಳೆಯಲಿಲ್ಲ. ಯಳಂದೂರಿನ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತೇನೆ. ಭೂಮಿ ತನ್ನ ಅಕ್ಷದ ಮೇಲೆ ಇಪ್ಪತ್ಮೂರೂವರೆ ಡಿಗ್ರಿ ವಾಲಿದೆ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಭೂಮಿ ನೆಟ್ಟಗಾಗುತ್ತದೆ. ಆಮೇಲೆ ಇನ್ನೂ ಎರಡು ಬೆಳೆ ಹಾಗೇ ಕಳೆದವು. ಮೂರನೆಯ ವರ್ಷ, ಫೆಬ್ರವರಿಯಲ್ಲಿ, ಕಿಟಕಿಯ ಬಿಸಿಲಿಗೆ ಗ್ಲೋಬ್ ಹಿಡಿದು ತಿರುಗಿಸುತ್ತಿದ್ದೆ. ಅದರ ಮೇಲೆ ನಮ್ಮ ಜಿಲ್ಲೆ ಇರುವ ಜಾಗಕ್ಕೆ ಒಂದು ಗುಂಡುಸೂಜಿಯನ್ನು ಮೇಣದಲ್ಲಿ ನಿಲ್ಲಿಸಿದ್ದೆ, ಊರು ಕಾಣಲಿ ಎಂದು. ಗ್ಲೋಬನ್ನು ಬಿಸಿಲಿನ ಕಡೆಗೆ ವಾಲಿಸಿದರೆ ಸೂಜಿಯ ನೆರಳು ಕೆಳಕ್ಕೆ, ದಕ್ಷಿಣಕ್ಕೆ ಹೋಯಿತು. ಆಚೆಗೆ ವಾಲಿಸಿದರೆ ಮೇಲಕ್ಕೆ, ಉತ್ತರಕ್ಕೆ ಬಂತು. ನಾನು ಮತ್ತೆ ಮತ್ತೆ ವಾಲಿಸಿದೆ. ಮಕ್ಕಳು ಟೀಚರಿಗೆ ಏನಾಯಿತು ಎಂದು ನೋಡುತ್ತಿದ್ದರು. ಅಯ್ಯೋ ಶಿವನೆ, ನಮ್ಮ ತೆಂಗಿನ ಮರ ಎಂದು ಜೋರಾಗಿಯೇ ಅಂದೆ.

ಸಂಜೆ ಮನೆಗೆ ಬಂದವಳು ಕೈಕಾಲೂ ತೊಳೆಯದೆ ಒಂದು ತೆಂಗಿನಕಾಯಿ ತೆಗೆದುಕೊಂಡೆ. ಜುಟ್ಟು ಮೇಲೆ, ನಡುವಿನಲ್ಲಿ ನಾರಿಗೆ ಸಿಕ್ಕಿಸಿದ ಒಂದು ಕಡ್ಡಿ, ಎದುರಿಗೆ ಬಲ್ಬು. ಮಾವ ಮಂಚದಿಂದ ಎದ್ದು ಬಂದು ಕೂತು ಗಮನ ಕೊಟ್ಟು ನೋಡಿದರು. ನಾನು ಹೇಳಿದೆ: "ನೀವೂ ಸುಳ್ಳು ಹೇಳಿಲ್ಲ ಮಾವ, ಚಿಕ್ಕಮಾವನೂ ಹೇಳಿಲ್ಲ. ಮುಂಗಾರಲ್ಲಿ ಸೂರ್ಯ ನಮ್ಮ ತಲೆ ದಾಟಿ ಉತ್ತರಕ್ಕೆ ಹೋಗಿರ್ತಾನೆ, ನೆರಳು ನಮ್ಮ ಕಡೆ. ಚಳಿಗಾಲಕ್ಕೆ ದಕ್ಷಿಣಕ್ಕೆ ಇಳೀತಾನೆ, ನೆರಳು ಅವರ ಕಡೆ. ಭೂಮಿ ವಾಲಿದೆ, ಅಷ್ಟೇ."

ಮಾವ ಕಾಯಿಯನ್ನು ಕೈಯಲ್ಲಿ ತೆಗೆದುಕೊಂಡು ಒಮ್ಮೆ ವಾಲಿಸಿ ನೋಡಿದರು. "ಸರಿ ಕೂಸು. ಭೂಮಿ ವಾಲದೆ ಅಂತ ನಾನ್ಯಾಕೆ ಮರ ಕಡಿಸ್ಬೇಕು?"

ಚಿಕ್ಕಮಾವನ ಮನೆಗೆ ನಾನು ಹೋಗುವ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಆಟೋಗೆ ಕಾಯುತ್ತಾ ನಿಂತಿದ್ದಾಗ ಸಿಕ್ಕರು. ಅವರಿಗೂ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡರು. "ಚೆನ್ನಾಗದೆ. ಅದೇನು ಭತ್ತ ತೆನೆ ಕಟ್ಟೋವಾಗ್ಲೇ ನನ್ ಕಡೀಕ್ ವಾಲ್ಬೇಕಾ? ಉಗಾದಿ ಕಳ್ದು ಒಟ್ಲು ಬಿಡಕ್ಮುಂಚೆ ನಾನೇ ಮಚ್ಚು ತಕಂಡು ಬತ್ತೀನಿ ಅಂತ ನಿಮ್ಮಾವನ್ಗೆ ಯೋಳು" ಎಂದರು. ಅವರು ಹೇಳಿದರೆ ಮಾಡುವವರೇ. ಮಾವ ಅಡ್ಡ ನಿಲ್ಲುವವರೇ. ಮಚ್ಚು ಒಂದು ಸಲ ಬದುವಿಗೆ ಬಂದರೆ ಅಕ್ಕತಂಗಿಯರ ಮಾತು ಈ ಜನ್ಮಕ್ಕೆ ಮುಗಿಯಿತು ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ದಿನಗಳಲ್ಲಿ ನಾನು ಬಹಳ ಯೋಚಿಸಿದೆ. ಆಟೋದಲ್ಲಿ ನಾಲ್ಕು ಜನರ ನಡುವೆ ಒತ್ತಿಕೊಂಡು ಕೂತಾಗಲೂ ಅದೇ ಯೋಚನೆ. ಸೂರ್ಯನಿಂದ ಹೊರಟ ಬೆಳಕು ಎಂಟು ನಿಮಿಷ ಬಯಲಿನಲ್ಲಿ ಓಡಿ ಬರುತ್ತದೆ, ದಾರಿಯಲ್ಲಿ ಅದಕ್ಕೆ ಒಂದು ಅಡ್ಡಿಯೂ ಇಲ್ಲ. ಕೋಟಿಗಟ್ಟಲೆ ಮೈಲಿ ಬಂದು, ನೆಲ ಮುಟ್ಟುವುದಕ್ಕೆ ಒಂದು ಮರದಷ್ಟು ಎತ್ತರ ಉಳಿದಾಗ ನಮ್ಮ ಮಾವನ ತೆಂಗು ಅಡ್ಡ ನಿಲ್ಲುತ್ತದೆ. ಅದಕ್ಕೆ ಹೊನ್ನೂರಿನಲ್ಲಿ ಪಂಚಾಯ್ತಿ. ಭೂಮಿಯೂ ಕೂತಿಲ್ಲ. ಚಿಕ್ಕಮಾವ ಒಂದು ಸಲ ಥೂ ಎನ್ನುವಷ್ಟರಲ್ಲಿ ಅದು ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗಿ ಬರುವಷ್ಟು ದೂರ ಸಾಗಿರುತ್ತದೆ, ನಮ್ಮ ಗದ್ದೆ, ಬದು, ಸುಣ್ಣದ ಗೆರೆ, ಯಜಮಾನರು ಸಮೇತ. ಇದನ್ನು ನೆನೆದಾಗ ನಾವು ಎಷ್ಟು ಸಣ್ಣವರು ಅನ್ನಿಸಬೇಕಂತೆ. ನನಗೆ ಹಾಗನ್ನಿಸಲಿಲ್ಲ. ಇಷ್ಟು ದೊಡ್ಡ ವ್ಯವಹಾರ ನಮ್ಮ ಬದುವಿನ ತನಕ ಬಂದು, ಇಂಥ ತಿಂಗಳು ಇಂಥ ಕಡೆ ಎಂದು ತಪ್ಪದೆ ನೆರಳು ಹಾಕಿ ಹೋಗುತ್ತದಲ್ಲ ಎಂದು ಮೈ ಜುಮ್ಮೆಂದಿತು. ಅತ್ತೆಗೆ ಇದನ್ನೆಲ್ಲ ಹೇಳಿದೆ. "ಸೂರ್ಯ ಅಷ್ಟು ದೂರದಿಂದ ಬತ್ತಾನೆ. ನಾನು ಗೋಡೆಯಾಚೆಗೆ ಓಗಕಾಗಲ್ಲ" ಎಂದು ಅಕ್ಕಿ ಆರಿಸುತ್ತಾ ಕೂತರು.

ಸೂರ್ಯ ಉತ್ತರಕ್ಕೆ ಹೋಗುವಾಗ ಒಂದು ದಿನ ನಮ್ಮ ನೆತ್ತಿಯ ಮೇಲೆಯೇ ಹಾದು ಹೋಗಬೇಕು. ಲೆಕ್ಕ ಹಾಕಿ ನೋಡಿದರೆ ಅದು ಏಪ್ರಿಲ್ ಮೂರನೆಯ ವಾರ ಕಳೆದ ಮೇಲೆ. ಹಿಂದಿನ ದಿನ ಯಾವುದೋ ತೆಂಕಲ ಊರಿನ ನೆತ್ತಿ, ಮರುದಿನ ಬಡಗಲ ಊರಿನ ನೆತ್ತಿ, ಆ ಒಂದು ಮಧ್ಯಾಹ್ನ ಹೊನ್ನೂರಿನದು. ಆಗ ಮರದ ಬೊಡ್ಡೆಗೆ ನೆರಳೇ ಇರುವುದಿಲ್ಲ. ನಾನು ಮಾವನಿಗೆ ಹೇಳಿದೆ, ಆ ದಿನ ಬಂದು ನೋಡಿ, ಚಿಕ್ಕಮಾವನೂ ಬರುತ್ತಾರೆ. ಚಿಕ್ಕಮಾವನಿಗೆ ಹೇಳಿದೆ, ಮಾವ ಬರುತ್ತಾರೆ. ಇಬ್ಬರೂ ಬಂದರು. ಸೂರ್ಯನನ್ನು ನೋಡುವುದಕ್ಕಲ್ಲ, ಇನ್ನೊಬ್ಬ ಏನಾದರೂ ಮೋಸ ಮಾಡಿಯಾನು ಎಂದು ಕಾಯುವುದಕ್ಕೆ. ಗಂಡಂದಿರು ಹೊಡೆದಾಡಿಕೊಂಡಾರು ಎಂದು ಅತ್ತೆ ನನ್ನ ಹಿಂದೆ ಬಂದರು. ಚಿಕ್ಕತ್ತೆಯೂ ಅದೇ ಭಯಕ್ಕೆ ಬಂದಿರಬೇಕು, ಕೈಯಲ್ಲಿ ಮಜ್ಜಿಗೆ ಚೊಂಬು ಹಿಡಿದು ಆಚೆ ಬದಿಯಲ್ಲಿ ನಿಂತರು.

ಗದ್ದೆ ಒಣಗಿತ್ತು, ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬದುವಿನ ಮೇಲೆ ಒಂದು ಬಯಲು ಜಾಗ ನೋಡಿ ನಾನು ಸ್ಟೀಲ್ ಲೋಟವನ್ನು ಬೋರಲು ಹಾಕಿಟ್ಟೆ. ಅದರ ನೆರಳು ಪಶ್ಚಿಮಕ್ಕಿತ್ತು. ನೆರಳು ಲೋಟದ ಕಡೆಗೆ ಸರಿಯುತ್ತಾ ಬಂತು. ಹನ್ನೆರಡು ದಾಟಿ ಸ್ವಲ್ಪ ಹೊತ್ತಿಗೆ ಅದು ಲೋಟದ ಅಂಚಿಗೆ ಅಂಟಿಕೊಂಡಿತು, ಆಮೇಲೆ ಇಲ್ಲವೇ ಇಲ್ಲ. ಬಿಸಿಲಿನಲ್ಲಿ ಲೋಟ ಒಂದೇ ಕೂತಿತ್ತು. ನಾನು ನನ್ನ ಕಾಲು ನೋಡಿಕೊಂಡೆ. ನನ್ನ ನೆರಳು ನನ್ನ ಪಾದದ ಕೆಳಗೆ ಸೇರಿತ್ತು. ಪಾಠ ಕಲಿಯುವ ಕಾಲದಿಂದ ಭೂಮಿ ಗುಂಡಗಿದೆ ಎಂದು ಗೊತ್ತು. ಅದರ ಮೇಲೆ ನಾನು ನಿಂತಿದ್ದೇನೆ ಎನ್ನುವುದು ಗೊತ್ತಾದದ್ದು ಆ ಗಳಿಗೆ. ಕಣ್ಣಲ್ಲಿ ನೀರು ಬಂತು. ಬಿಸಿಲು ಅಂತ ಒರೆಸಿಕೊಂಡೆ.

ತೆಂಗಿನ ಬೊಡ್ಡೆಗೂ ನೆರಳಿರಲಿಲ್ಲ. ತಲೆಯ ನೆರಳು ಮಾತ್ರ ಬುಡದ ಸುತ್ತ ದುಂಡಗೆ ಬಿದ್ದಿತ್ತು. ನಮ್ಮ ಕಡೆ ಎಷ್ಟೋ ಚಿಕ್ಕಮಾವನ ಕಡೆಯೂ ಹೆಚ್ಚುಕಡಿಮೆ ಅಷ್ಟೇ. ಚಿಕ್ಕಮಾವ ತಮ್ಮ ಕಡೆಯ ಅರ್ಧವನ್ನು ಹೆಜ್ಜೆ ಹಾಕಿ ಅಳೆದರು. ಬದು ಹತ್ತಿ ಈಚೆಯದನ್ನೂ ಅಳೆದರು. ಮಾವ ತಡೆಯಲಿಲ್ಲ. "ಸಮ ಅದೆ" ಎಂದು ಚಿಕ್ಕಮಾವ ತಮಗೆ ತಾವೇ ಹೇಳಿಕೊಂಡರು.

ಮಾವ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಕೈ ಅಡ್ಡ ಹಿಡಿದು ಮರದ ತಲೆ ನೋಡಿದರು. "ನೀ ಯೋಳಿದ್ದು ಸುಳ್ಳಲ್ಲ ಕಣ್ಲಾ" ಎಂದರು. ಮೂರು ವರ್ಷದಲ್ಲಿ ತಮ್ಮನಿಗೆ ಅವರಾಡಿದ ಮೊದಲ ಮಾತು ಅದು. "ಅವತ್ತು ಎಲ್ರೂ ನಕ್ಕಾಗ ನಾನೂ ನಕ್ಕಿದ್ದೆ. ಕಡಿಸ್ಬುಡ್ತೀನಿ ಬಿಡು. ಇವತ್ತೊಂದಿನ ಸಮ ಇದ್ರೇನು, ತೆನೆ ಕಟ್ಟೋ ಒತ್ಗೆ ನಿನ್ ಕಡೀಕೇ ಬೀಳದು."

ಚಿಕ್ಕಮಾವನಿಗೆ ಬೇಕಾಗಿದ್ದು ಸಿಕ್ಕಿತ್ತು. ಆದರೂ ಅವರು ಮರಕ್ಕೆ ಕೈಯಿಟ್ಟುಕೊಂಡು ನಿಂತರು. ನಾನಂತೂ ಒಳಗೊಳಗೇ ಗೆದ್ದೆ ಅಂದುಕೊಂಡೆ. ಮರ ಹೋದರೆ ಹೋಗಲಿ, ಜಗಳ ಮುಗಿಯಿತಲ್ಲ.

"ಬ್ಯಾಡ ಬಾವ" ಎಂದರು ಚಿಕ್ಕತ್ತೆ.

ಎಲ್ಲರೂ ತಿರುಗಿ ನೋಡಿದೆವು. ಅವರು ಚೊಂಬನ್ನು ಎದೆಗೆ ಅವುಚಿಕೊಂಡಿದ್ದರು. ಗಂಡನ ಕಡೆ ನೋಡಲಿಲ್ಲ. "ಕಡಿಸ್ಬ್ಯಾಡಿ. ಭತ್ತ ಜೊಳ್ಳಾದ್ರೆ ಆಗ್ಲಿ. ಕಳೆ ಕೀಳಕೆ ಬಂದ್ರೆ, ಕುಯ್ಲಿಗೆ ಬಂದ್ರೆ, ನಾನು ಈ ನೆರಳಲ್ಲೇ ಕೂತು ಉಣ್ಣದು. ಮೂರ್ ವರ್ಸದಿಂದ ನಮ್ಮಕ್ಕನ ಮನೆ ಕಡೆಯಿಂದ ನಂಗೆ ಬತ್ತಿರದು ಇದೊಂದೆಯ."

ಚಿಕ್ಕಮಾವ ಮರದಿಂದ ಕೈ ತೆಗೆದರು. ಮಾವ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಇಬ್ಬರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅತ್ತೆ ಯಾರನ್ನೂ ಕೇಳಲಿಲ್ಲ. ಊದಿದ ಮಂಡಿಯನ್ನು ಕೈಯಿಂದ ಒತ್ತಿಕೊಂಡು ಬದು ಹತ್ತಿದರು, ಆಚೆ ಇಳಿದರು, ತಂಗಿಯ ಕೈಯಿಂದ ಚೊಂಬು ಕಿತ್ತುಕೊಂಡು ಬೈಯುವುದಕ್ಕೆ ಶುರುಮಾಡಿದರು.

"ಮೊದ್ಲೇ ಯೋಳಕೇನಾಗಿತ್ತಮ್ಮಿ ನಿಂಗೆ? ನಾನೂ ಬಂದು ಕೂತ್ಕತಿದ್ನಲ್ಲ."